ಫ್ಲೇವನಾಯ್ಡ್‌ಗಳು, ರಕ್ತದೊತ್ತಡ ಮತ್ತು ಹೃದಯ: ವಿಜಯಪುರ ಸೀಮೆಯ ಊಟದ ಹಿನ್ನೆಲೆಯಲ್ಲಿ

ಬಿಸಿಲು, ಕೀಟ, ಬೂಷ್ಟುಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಸಸ್ಯಗಳು ತಯಾರಿಸಿಕೊಳ್ಳುವ ಒಂದು ದೊಡ್ಡ ಗುಂಪಿನ ಸಂಯುಕ್ತಗಳಿಗೆ ಫ್ಲೇವನಾಯ್ಡ್‌ಗಳೆಂದು ಹೆಸರು. ಇವೆಲ್ಲದರ ಚೌಕಟ್ಟು ಒಂದೇ: ಎರಡು ಬೆಂಜೀನ್ ಉಂಗುರಗಳು, ಅವನ್ನು ಜೋಡಿಸುವ ಮೂರು ಇಂಗಾಲದ ಕೊಂಡಿ, ಒಟ್ಟು ಹದಿನೈದು ಇಂಗಾಲದ ಪರಮಾಣುಗಳು. ಇದರ ಮೇಲೆ ಸಕ್ಕರೆ ಅಣುಗಳೂ ಹೈಡ್ರಾಕ್ಸಿಲ್ ಗುಂಪುಗಳೂ ಬೇರೆ ಬೇರೆ ಕಡೆ ಕೂತು ಐದಾರು ಸಾವಿರ ಬಗೆಗಳಾಗಿವೆ. ಉಳ್ಳಾಗಡ್ಡಿಯ ಕ್ವೆರ್ಸೆಟಿನ್, ಲಿಂಬೆಯ ಹೆಸ್ಪೆರಿಡಿನ್ ಮತ್ತು ಎರಿಯೊಸಿಟ್ರಿನ್, ಚಹಾ ಹಾಗೂ ಕೋಕೋದ ಕ್ಯಾಟೆಚಿನ್‌ಗಳು, ದಾಳಿಂಬೆ ಮತ್ತು ಕಪ್ಪು ದ್ರಾಕ್ಷಿಗೆ ಬಣ್ಣ ಕೊಡುವ ಆಂಥೋಸಯನಿನ್‌ಗಳು, ಕಡಲೆಯಲ್ಲಿ ಅಲ್ಪ ಪ್ರಮಾಣದಲ್ಲಿರುವ ಐಸೊಫ್ಲೇವೋನ್‌ಗಳು ಎಲ್ಲವೂ ಒಂದೇ ಮನೆತನದವು. ಮನುಷ್ಯನ ಹೃದಯಕ್ಕೂ ಇವಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ತೊಗರಿ, ಕಡಲೆಯ ಬೇರುಗಳು ಮಣ್ಣಿಗೆ ಬಿಡುವ ಫ್ಲೇವನಾಯ್ಡ್‌ಗಳ ಕೆಲಸ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಕರೆದು ಬೇರುಗಂಟು ಕಟ್ಟಿಸುವುದು. ಎರೆಹೊಲದಲ್ಲಿ ಸಾರಜನಕ ಸೇರುವ ವ್ಯವಹಾರ ಶುರುವಾಗುವುದೇ ಈ ಸಂಕೇತದಿಂದ. ಸಸ್ಯ ತನಗಾಗಿ ಮಾಡಿಕೊಂಡದ್ದು ಅದನ್ನು ತಿಂದವನ ರಕ್ತನಾಳಕ್ಕೂ ಒಂದಿಷ್ಟು ತಟ್ಟುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಆ 'ಒಂದಿಷ್ಟು' ಎಷ್ಟು ಎಂಬುದರ ಬಗ್ಗೆಯೇ ವಿವಾದ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಒಳ್ಳೆಯ ಜಾಗ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ಹರಿಯುವ ಈ ಕಪ್ಪು ಮಣ್ಣಿನ ನಾಡು ಹಿಂಗಾರಿ ಜೋಳ, ತೊಗರಿ, ಕಡಲೆ, ಕುಸುಬಿ, ಉಳ್ಳಾಗಡ್ಡಿಗಳ ತವರು. ಇಂಡಿ ಮತ್ತು ಸಿಂದಗಿಯ ಕಾಗಜಿ ಲಿಂಬೆ ಎಷ್ಟು ಹೆಸರಾಗಿದೆಯೆಂದರೆ ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಇದೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಫ್ಲೇವನಾಯ್ಡ್ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಾಣುವ ಎರಡು ಆಹಾರಗಳು, ಅಂದರೆ ಲಿಂಬೆ ಜಾತಿಯ ಹಣ್ಣು ಮತ್ತು ಉಳ್ಳಾಗಡ್ಡಿ, ಇಲ್ಲಿ ದಿನನಿತ್ಯದ ತಾಟಿನಲ್ಲಿವೆ. ಹಾಗಿದ್ದೂ ಇಲ್ಲಿನ ದವಾಖಾನೆಗಳಲ್ಲಿ ಬಿಪಿ ಗುಳಿಗೆಗೆ ಬರುವವರ ಸಾಲು ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ ವಯಸ್ಕರಲ್ಲಿ ಶೇಕಡಾ 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆಯೆಂದು ಅಂದಾಜಿಸಿತು. ಈ ಲೇಖನದ ವಾದ ಇಷ್ಟು: ರಕ್ತದೊತ್ತಡದ ಮೇಲೆ ಫ್ಲೇವನಾಯ್ಡ್‌ಗಳ ಪರಿಣಾಮ ನಿಜ, ಆದರೆ ಚಿಕ್ಕದು. ಅದು ಔಷಧದ ಪರಿಣಾಮಕ್ಕಿಂತ ಊಟದ ಗುಣದ ಗುರುತಾಗಿಯೇ ಹೆಚ್ಚು ಅರ್ಥವಾಗುತ್ತದೆ. ಈ ಸೀಮೆಯ ಊಟದಲ್ಲಂತೂ ಫ್ಲೇವನಾಯ್ಡ್ ತುಂಬಿದ ಭಾಗ ಬಹುತೇಕ ತಿಪ್ಪೆಗೆ ಹೋಗುತ್ತದೆ, ಇಲ್ಲವೆ ಉಪ್ಪಿನ ಜೊತೆ ಹೊಟ್ಟೆಗೆ ಬರುತ್ತದೆ.

ಕಥೆ ಶುರುವಾಗುವುದೇ ಲಿಂಬೆ ಜಾತಿಯಿಂದ. ಹಂಗೇರಿಯ ಆಲ್ಬರ್ಟ್ ಸೆಂಟ್-ಜಾರ್ಜಿ ಸಿ ಜೀವಸತ್ವದ ಮೇಲೆ ಕೆಲಸ ಮಾಡಿದವರು. 1937ರಲ್ಲಿ ಅವರಿಗೆ ನೊಬೆಲ್ ಬಂತು. 1936ರಲ್ಲಿ ಅವರೂ ಸಂಗಡಿಗರೂ ನಿಂಬೆಯಿಂದ 'ಸಿಟ್ರಿನ್' ಎಂಬ ಸಾರ ತೆಗೆದು, ಸೂಕ್ಷ್ಮ ರಕ್ತನಾಳಗಳ ಸೋರಿಕೆಯನ್ನು ಅದು ತಡೆಯುತ್ತದೆ, ಶುದ್ಧ ಸಿ ಜೀವಸತ್ವಕ್ಕೆ ಆ ಶಕ್ತಿ ಇಲ್ಲ ಎಂದು ವರದಿ ಮಾಡಿದರು. ಅದರಲ್ಲಿದ್ದದ್ದು ಹೆಸ್ಪೆರಿಡಿನ್ ಮತ್ತು ಎರಿಯೊಡಿಕ್ಟಿಯಾಲ್‌ನ ಸಕ್ಕರೆ ರೂಪ. ಅದಕ್ಕೆ 'ಪಿ ಜೀವಸತ್ವ' ಎಂದು ಹೆಸರನ್ನೂ ಇಟ್ಟರು. ಆದರೆ ಜೀವಸತ್ವ ಎನಿಸಿಕೊಳ್ಳಲು ಅದಿಲ್ಲದೆ ರೋಗ ಬರಬೇಕು. ಫ್ಲೇವನಾಯ್ಡ್ ಕೊರತೆಯಿಂದ ಬರುವ ರೋಗವೇ ಸಿಗಲಿಲ್ಲ. 1950ರ ಹೊತ್ತಿಗೆ ಅಮೆರಿಕದ ಜೀವರಸಾಯನ ತಜ್ಞರು ಆ ಹೆಸರನ್ನು ಕೈಬಿಡಲು ಹೇಳಿದರು. ಮುಂದೆ ಸುಮಾರು ನಾಲ್ಕು ದಶಕ ಈ ವಸ್ತುಗಳು ಸಸ್ಯಶಾಸ್ತ್ರಜ್ಞರ ಪಾಲಿಗೇ ಉಳಿದವು.

ಹೃದಯದ ಚರ್ಚೆಗೆ ಅವು ಮರಳಿದ್ದು 1993ರಲ್ಲಿ. ನೆದರ್ಲೆಂಡ್ಸ್‌ನ ಜುಟ್‌ಫೆನ್ ಪಟ್ಟಣದ 65ರಿಂದ 84 ವಯಸ್ಸಿನ 805 ಗಂಡಸರನ್ನು ಐದು ವರ್ಷ ಗಮನಿಸಿದ ಹೆರ್ಟೊಗ್ ಮತ್ತು ಸಂಗಡಿಗರು, ಹೆಚ್ಚು ಫ್ಲೇವನಾಯ್ಡ್ ಉಂಡವರಲ್ಲಿ ಹೃದಯದ ಕಾಯಿಲೆಯ ಸಾವು ಕಡಿಮೆಯವರಿಗಿಂತ ಅರ್ಧಕ್ಕೂ ಕೆಳಗಿತ್ತೆಂದು ಕಂಡರು. ಅವರ ಸರಾಸರಿ ಸೇವನೆ ದಿನಕ್ಕೆ ಬರೀ 26 ಮಿಲಿಗ್ರಾಂ. ಅದರಲ್ಲಿ ಶೇಕಡಾ 61 ಚಹಾದಿಂದ, 13 ಉಳ್ಳಾಗಡ್ಡಿಯಿಂದ, 10 ಸೇಬಿನಿಂದ. ಈ ಸುದ್ದಿ ಲೋಕವೆಲ್ಲ ಹಬ್ಬಿತು. ನಾಲ್ಕು ವರ್ಷದ ನಂತರ ಅದೇ ಹೆರ್ಟೊಗ್ ವೇಲ್ಸ್‌ನ ಕೇರ್‌ಫಿಲಿ ಊರಿನ ಸುಮಾರು 1,900 ಗಂಡಸರ ಲೆಕ್ಕ ಪ್ರಕಟಿಸಿದರು. ಅದು ಅಷ್ಟು ಹಬ್ಬಲಿಲ್ಲ, ಏಕೆಂದರೆ ಫಲ ತಿರುಗುಮುರುಗಾಗಿತ್ತು: ಅಲ್ಲಿ ಫ್ಲೇವನಾಯ್ಡ್ ಹೆಚ್ಚು ಸೇವಿಸಿದವರಿಗೆ ಯಾವ ರಕ್ಷಣೆಯೂ ಕಾಣಲಿಲ್ಲ. ವೇಲ್ಸ್‌ನವರು ಚಹಾಕ್ಕೆ ಹಾಲು ಹಾಕುತ್ತಾರೆ ಎಂಬುದು ಒಂದು ವಿವರಣೆ. 2007ರಲ್ಲಿ ಬರ್ಲಿನ್ನಿನಲ್ಲಿ 16 ಹೆಂಗಸರ ಮೇಲೆ ನಡೆದ ಸಣ್ಣ ಪ್ರಯೋಗದಲ್ಲಿ ಕರಿ ಚಹಾ ರಕ್ತನಾಳವನ್ನು ಅಗಲಿಸಿತು, ಹಾಲು ಬೆರೆಸಿದ ಚಹಾ ಅಗಲಿಸಲಿಲ್ಲ. ಹಾಲು ಸಕ್ಕರೆ ಹಾಕಿ ಕುದಿಸಿದ ಚಹಾವನ್ನೇ ಕುಡಿಯುವ ನಮ್ಮ ಬಸ್‌ಸ್ಟ್ಯಾಂಡ್ ಕಟ್ಟೆಗಳಿಗೆ ಇದು ಅನ್ವಯಿಸುವ ಮಾತೇ. ಆದರೆ ಇನ್ನೊಂದು ವಿವರಣೆ ನನಗೆ ಹೆಚ್ಚು ತೂಕದ್ದೆನಿಸುತ್ತದೆ. ಕೇರ್‌ಫಿಲಿಯಲ್ಲಿ ಹೆಚ್ಚು ಚಹಾ ಕುಡಿಯುವವರು ದುಡಿಯುವ ವರ್ಗದವರು, ಸಿಗರೇಟು ಸೇದುವವರು, ಕೊಬ್ಬು ಹೆಚ್ಚು ತಿನ್ನುವವರು. ಜುಟ್‌ಫೆನ್ನಿನಲ್ಲಿ ಚಹಾ ಅನುಕೂಲಸ್ಥರ ಗುರುತಾಗಿದ್ದರೆ ವೇಲ್ಸ್‌ನಲ್ಲಿ ಕಷ್ಟದ ಗುರುತಾಯಿತು. ಅಣು ಒಂದೇ, ಅದರ ಸುತ್ತಲಿನ ಬದುಕು ಬೇರೆ.

ಹಾಗಾದರೆ ಎಲ್ಲವೂ ಬರೀ ಬದುಕಿನ ರೀತಿಯ ನೆರಳು, ಅಣುವಿನ ಪಾತ್ರವೇನೂ ಇಲ್ಲ ಎನ್ನಬಹುದೆ? ಅದೂ ಸರಿಯಲ್ಲ. ಮೊದಲು ಕೆಡವಬೇಕಾದದ್ದು ಹಳೆಯ 'ಉತ್ಕರ್ಷಣ ನಿರೋಧಕ' ಕಥೆಯನ್ನು. ಪ್ರಯೋಗಶಾಲೆಯ ಗಾಜಿನ ನಳಿಕೆಯಲ್ಲಿ ಫ್ಲೇವನಾಯ್ಡ್‌ಗಳು ಆಮ್ಲಜನಕದ ಕಿಡಿಗೇಡಿ ಅಣುಗಳನ್ನು ತಟಸ್ಥಗೊಳಿಸುತ್ತವೆ, ನಿಜ. ಆದರೆ ಊಟವಾದ ಮೇಲೆ ರಕ್ತದಲ್ಲಿ ಅವುಗಳ ಮಟ್ಟ ತೀರ ಕಡಿಮೆ, ಅದೂ ಯಕೃತ್ತು ಮತ್ತು ಕರುಳು ರೂಪ ಬದಲಿಸಿದ ಸಲ್ಫೇಟ್, ಗ್ಲುಕುರೊನೈಡ್‌ಗಳಾಗಿ. ಹಣ್ಣು ತಿಂದ ಮೇಲೆ ರಕ್ತದ ನಿರೋಧಕ ಶಕ್ತಿ ಏರುವುದು ಹೆಚ್ಚಾಗಿ ಯೂರಿಕ್ ಆಮ್ಲದಿಂದ ಎಂದು 2006ರಲ್ಲಿ ಲೊಟಿಟೊ ಮತ್ತು ಫ್ರೈ ತೋರಿಸಿದರು. ಆಹಾರಗಳ ನಿರೋಧಕ ಶಕ್ತಿಗೆ ಅಂಕ ಕೊಡುತ್ತಿದ್ದ ತನ್ನ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಪೊಟ್ಟಣಗಳ ಮೇಲೆ ಮಾತ್ರ ಆ ಪದ ಇನ್ನೂ ಮೆರೆಯುತ್ತಿದೆ. ಉಳಿದು ನಿಂತದ್ದು ಬೇರೊಂದು ದಾರಿ. ರಕ್ತನಾಳದ ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದು ನಾಳದ ಸ್ನಾಯುವನ್ನು ಸಡಿಲಿಸುತ್ತದೆ, ನಾಳ ಅಗಲವಾಗುತ್ತದೆ, ಒತ್ತಡ ಇಳಿಯುತ್ತದೆ. ಕೋಕೋದ ಎಪಿಕ್ಯಾಟೆಚಿನ್ ಶುದ್ಧರೂಪದಲ್ಲೇ ಮನುಷ್ಯರಲ್ಲಿ ಈ ಅಗಲಿಕೆಯನ್ನು ತರುತ್ತದೆಂದು 2006ರಲ್ಲಿ ಶ್ರೋಟರ್ ಮತ್ತು ಸಂಗಡಿಗರು ತೋರಿಸಿದರು. ಇಲ್ಲಿ ಊಟದ, ವರ್ಗದ ನೆರಳು ಬೀಳಲು ಜಾಗವಿಲ್ಲ.

ಅಳತೆ ಮಾಡಿದ ಪರಿಣಾಮಗಳು ಏನು ಹೇಳುತ್ತವೆ? ಕೋಕೋ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯಲ್ಲಿ ಒತ್ತಡ ಇಳಿದದ್ದು ಸುಮಾರು 1.8 ಮಿ.ಮೀ. ಕ್ವೆರ್ಸೆಟಿನ್ ಪ್ರಯೋಗಗಳ 2016ರ ಒಟ್ಟು ಲೆಕ್ಕದಲ್ಲಿ ಮೇಲಿನ ಒತ್ತಡ 3 ಮಿ.ಮೀ.ನಷ್ಟು ಇಳಿಯಿತು, ಅದೂ ದಿನಕ್ಕೆ 500 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಕೊಟ್ಟಾಗ. ಫ್ರಾನ್ಸಿನಲ್ಲಿ 24 ಮಂದಿ ನಡುವಯಸ್ಸಿನ, ತುಸು ದಪ್ಪ ಗಂಡಸರಿಗೆ ನಾಲ್ಕು ವಾರ ದಿನಕ್ಕೆ ಅರ್ಧ ಲೀಟರ್ ಕಿತ್ತಳೆ ರಸ, ಇಲ್ಲವೆ ಅದರಲ್ಲಿರುವಷ್ಟೇ ಅಂದರೆ 292 ಮಿಲಿಗ್ರಾಂ ಹೆಸ್ಪೆರಿಡಿನ್ ಕೊಟ್ಟಾಗ ಕೆಳಗಿನ ಒತ್ತಡ ಇಳಿಯಿತು. ಇದು 2011ರ ವರದಿ. ಎರಡು ಮೂರು ಮಿಲಿಮೀಟರ್ ಎಂದರೆ ನಗೆ ಬರಬಹುದು, ತೋಳಿಗೆ ಪಟ್ಟಿ ಸರಿಯಾಗಿ ಕಟ್ಟದಿದ್ದರೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಆದರೆ ಒಬ್ಬನ ಲೆಕ್ಕ ಬೇರೆ, ಜನಸಮುದಾಯದ ಲೆಕ್ಕ ಬೇರೆ. ಹತ್ತು ಲಕ್ಷ ಜನರ ಮಾಹಿತಿಯನ್ನು ಕಲೆಹಾಕಿದ 2002ರ ಅಧ್ಯಯನದ ಪ್ರಕಾರ, ನಡುವಯಸ್ಸಿನವರ ಮೇಲಿನ ಒತ್ತಡ ಸದಾ 2 ಮಿ.ಮೀ. ಕಡಿಮೆಯಿದ್ದರೆ ಪಾರ್ಶ್ವವಾಯುವಿನ ಸಾವು ಶೇಕಡಾ 10ರಷ್ಟು, ಹೃದಯದ ರಕ್ತಕೊರತೆಯ ಸಾವು ಶೇಕಡಾ 7ರಷ್ಟು ಕಡಿಮೆ. ಒಂದು ತಾಲ್ಲೂಕಿನ ಮಟ್ಟದಲ್ಲಿ ಅದು ಸಣ್ಣ ಸಂಖ್ಯೆಯಲ್ಲ.

ಅಷ್ಟು ಒಳ್ಳೆಯದಾದರೆ ಗುಳಿಗೆ ಮಾಡಿ ನುಂಗಿಬಿಡೋಣ ಎಂಬ ಮಾತು ಸಹಜವಾಗಿ ಬರುತ್ತದೆ. ಅದನ್ನು ದೊಡ್ಡದಾಗಿ ಪರೀಕ್ಷಿಸಿಯೂ ಆಗಿದೆ. ಅಮೆರಿಕದ ಕಾಸ್ಮಾಸ್ ಪ್ರಯೋಗದಲ್ಲಿ 21,442 ಹಿರಿಯರಲ್ಲಿ ಅರ್ಧ ಮಂದಿಗೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್, ಉಳಿದವರಿಗೆ ಖಾಲಿ ಗುಳಿಗೆ ಕೊಟ್ಟು ಮೂರೂವರೆ ವರ್ಷ ನೋಡಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಹೃದಯ ಮತ್ತು ರಕ್ತನಾಳದ ಒಟ್ಟು ಘಟನೆಗಳು ಶೇಕಡಾ 10ರಷ್ಟು ಕಡಿಮೆ ಕಂಡರೂ ಅದು ಆಕಸ್ಮಿಕವಲ್ಲ ಎನ್ನುವಷ್ಟು ಗಟ್ಟಿಯಿರಲಿಲ್ಲ; ಹೃದಯಸಂಬಂಧಿ ಸಾವು ಮಾತ್ರ ಶೇಕಡಾ 27ರಷ್ಟು ಕಡಿಮೆಯಾಯಿತು. ಮುಖ್ಯ ಪ್ರಶ್ನೆಗೆ ಉತ್ತರ ಸಿಗದೆ ಉಪಪ್ರಶ್ನೆಗೆ ಸಿಕ್ಕಾಗ ಅದನ್ನು ಆಸೆಯಿಂದ ಓದಬಹುದು, ಭರವಸೆಯಿಂದ ಮಾರಬಾರದು.

ಈಗ ಈ ಸಂಖ್ಯೆಗಳನ್ನು ಇಂಡಿಯ ಲಿಂಬೆಯ ಮುಂದೆ ಇಡೋಣ. ನೂರು ಮಿಲಿಲೀಟರ್ ಲಿಂಬೆ ರಸದಲ್ಲಿ ಹೆಸ್ಪೆರಿಡಿನ್ ಸುಮಾರು ಹತ್ತಿಪ್ಪತ್ತು ಮಿಲಿಗ್ರಾಂ. ಒಂದು ಕಾಗಜಿ ಲಿಂಬೆ ಹಿಂಡಿದರೆ ಬರುವುದು ಹದಿನೈದರಿಂದ ಇಪ್ಪತ್ತು ಮಿಲಿಲೀಟರ್, ಅದರಲ್ಲಿ ಎರಡರಿಂದ ನಾಲ್ಕು ಮಿಲಿಗ್ರಾಂ. ಫ್ರಾನ್ಸಿನ ಪ್ರಯೋಗದ ಪ್ರಮಾಣ ಮುಟ್ಟಲು ದಿನಕ್ಕೆ ನೂರರ ಆಸುಪಾಸು ಲಿಂಬೆ ಹಿಂಡಬೇಕು. ಬೆಳಗ್ಗೆ ಬಿಸಿನೀರಿಗೆ ಅರ್ಧ ಹೋಳು ಹಿಂಡಿ ಕುಡಿದರೆ ಬಿಪಿ ಇಳಿಯುತ್ತದೆ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹೆಸ್ಪೆರಿಡಿನ್ ಇರುವುದು ಹೆಚ್ಚಾಗಿ ಸಿಪ್ಪೆಯಲ್ಲಿ, ಅದರ ಒಳಗಿನ ಬಿಳಿ ಪದರದಲ್ಲಿ, ತೊಳೆಗಳ ನಡುವಿನ ಪೊರೆಯಲ್ಲಿ. ರಸ ಹಿಂಡಿ ನಾವು ಬಿಸಾಡುವುದು ಅದನ್ನೇ. ಸಿಪ್ಪೆಸಮೇತ ಲಿಂಬೆ ಹೊಟ್ಟೆಗೆ ಹೋಗುವ ದಾರಿ ಒಂದೇ, ಉಪ್ಪಿನಕಾಯಿ. ಹೋಳು ಮಾಡಿದ ಲಿಂಬೆ ಉಪ್ಪು ಹಚ್ಚಿಕೊಂಡು ಭರಣಿಯಲ್ಲಿ ವಾರಗಟ್ಟಲೆ ಕೂತು, ಸಿಪ್ಪೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಖಾರ, ಬೆಲ್ಲ ಸೇರುತ್ತವೆ. ಕೆಡದೆ ಉಳಿಯಬೇಕಾದರೆ ತೂಕದ ಹತ್ತನೇ ಒಂದಕ್ಕೂ ಹೆಚ್ಚು ಉಪ್ಪು ಬೇಕು. ಹದಿನೈದು ಗ್ರಾಂ ತೂಗುವ ಎರಡು ಹೋಳು ಬಡಿಸಿಕೊಂಡರೆ ಒಂದೂವರೆ ಗ್ರಾಂ ಉಪ್ಪು ಹೋಯಿತು. ದಿನವಿಡೀ ಐದು ಗ್ರಾಂ ಮೀರಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒತ್ತಡ ಇಳಿಸುವ ಅಣುವನ್ನು ಒತ್ತಡ ಏರಿಸುವ ಖನಿಜದಲ್ಲಿ ನೆನೆಹಾಕಿ ತಿಂದಂತಾಯಿತು, ಗೆಲ್ಲುವುದು ಖನಿಜವೇ.

ಉಳ್ಳಾಗಡ್ಡಿಯ ವಿಚಾರ ಇದಕ್ಕಿಂತ ಮೇಲು. ನೂರು ಗ್ರಾಂ ಗಡ್ಡೆಯಲ್ಲಿ ಕ್ವೆರ್ಸೆಟಿನ್ ಇಪ್ಪತ್ತರಿಂದ ನಲವತ್ತು ಮಿಲಿಗ್ರಾಂ. ಕೆಂಪು ಗಡ್ಡೆಯಲ್ಲಿ ಹೆಚ್ಚು, ಹೊರಗಿನ ಪದರಗಳಲ್ಲಿ ಇನ್ನೂ ಹೆಚ್ಚು. ಅದು ಗ್ಲೂಕೋಸ್ ಅಂಟಿದ ರೂಪದಲ್ಲಿರುವುದರಿಂದ ಸಣ್ಣಕರುಳೇ ಹೀರಿಕೊಳ್ಳುತ್ತದೆ. 1995ರ ಡಚ್ ಪ್ರಯೋಗದಲ್ಲಿ ಉಳ್ಳಾಗಡ್ಡಿಯ ಕ್ವೆರ್ಸೆಟಿನ್ ಶೇಕಡಾ 52ರಷ್ಟು ಹೀರಲ್ಪಟ್ಟರೆ ಸಕ್ಕರೆ ಕಳಚಿದ ಶುದ್ಧ ಕ್ವೆರ್ಸೆಟಿನ್ ಶೇಕಡಾ 24 ಮಾತ್ರ. ಗುಳಿಗೆಗಿಂತ ಗಡ್ಡೆ ಲೇಸು ಎನ್ನಲು ಇದಕ್ಕಿಂತ ನೇರ ಪುರಾವೆ ಬೇಡ. ಆದರೂ 500 ಮಿಲಿಗ್ರಾಂ ಮುಟ್ಟಲು ಒಂದೂವರೆ ಕಿಲೋ ತಿನ್ನಬೇಕು. ರೊಟ್ಟಿಯ ಜೊತೆ ಗುದ್ದಿ ತಿನ್ನುವ ಒಂದು ಹಸಿ ಗಡ್ಡೆಯಿಂದ ಸಿಗುವುದು ಜುಟ್‌ಫೆನ್ನಿನ ಮುದುಕರು ದಿನವಿಡೀ ಪಡೆಯುತ್ತಿದ್ದಷ್ಟು, ಗುಳಿಗೆಯ ಪ್ರಯೋಗದವರು ಪಡೆದಷ್ಟಲ್ಲ. ಹಸಿ ಉಳ್ಳಾಗಡ್ಡಿಯ ನಿಜವಾದ ಉಪಕಾರ ಬೇರೆಡೆ ಇದೆ: ಅದಿದ್ದರೆ ಉಪ್ಪಿನಕಾಯಿಯ ಎರಡನೇ ಹೋಳು ಬೇಕೆನಿಸುವುದಿಲ್ಲ.

ಪುಂಡಿಯದೂ ಹೀಗೇ ಒಂದು ತಪ್ಪು ತಿಳಿವಳಿಕೆ. ಪುಂಡಿಯ ಕುಲದ್ದೇ ಆದ, ಕೆಂಪು ಪುಷ್ಪಪಾತ್ರೆ ಬಿಡುವ ಗಿಡದ ಕಷಾಯವನ್ನು ಅಮೆರಿಕದಲ್ಲಿ 65 ಮಂದಿಯ ಮೇಲೆ ಪರೀಕ್ಷಿಸಿದರು. ದಿನಕ್ಕೆ ಮೂರು ಬಟ್ಟಲಿನಂತೆ ಆರು ವಾರ ಕುಡಿದವರ ಮೇಲಿನ ಒತ್ತಡ 7.2 ಮಿ.ಮೀ. ಇಳಿಯಿತು, ಬಣ್ಣದ ನೀರು ಕುಡಿದವರದು 1.3. 2010ರ ಈ ವರದಿಯನ್ನು ಹಿಡಿದು ಪುಂಡಿಪಲ್ಯ ಬಿಪಿಗೆ ಮದ್ದು ಎನ್ನುವವರಿದ್ದಾರೆ. ಆದರೆ ಆ ಪ್ರಯೋಗದ ಆಂಥೋಸಯನಿನ್ ಇದ್ದದ್ದು ಕೆಂಪು ಪುಷ್ಪಪಾತ್ರೆಯಲ್ಲಿ, ನಾವು ತಿನ್ನುವುದು ಹಸಿರೆಲೆ. ಎಲೆಯಲ್ಲೂ ಫ್ಲೇವನಾಯ್ಡ್‌ಗಳಿವೆ, ಪೊಟ್ಯಾಸಿಯಂ ಇದೆ. ತೊಗರಿಬೇಳೆ, ಜೋಳದ ನುಚ್ಚು, ಬಳ್ಳೊಳ್ಳಿ ಒಗ್ಗರಣೆ ಹಾಕಿದ ಪಲ್ಯ ತಾನಾಗಿಯೇ ಒಳ್ಳೆಯ ಊಟ. ಹುಳಿ ಹೆಚ್ಚಾಯಿತೆಂದು ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಮಾತ್ರ ಎಲೆಯ ಫ್ಲೇವನಾಯ್ಡ್, ಪೊಟ್ಯಾಸಿಯಂ ಎರಡೂ ಸಾಕಷ್ಟು ಆ ನೀರಿನೊಂದಿಗೆ ಹೋಗುತ್ತವೆ.

ಉಳಿದ ಬೆಳೆಗಳಲ್ಲೂ ಫ್ಲೇವನಾಯ್ಡ್ ಕೈಗೆ ಬಂದು ಜಾರಿಹೋಗುವುದೇ ಹೆಚ್ಚು. ದನ ನುಗ್ಗದಂತೆ ಜೋಳ, ಕಡಲೆಯ ಹೊಲದ ಅಂಚಿಗೆ ಹಾಕುವ ಮುಳ್ಳಿನ ಕುಸುಬಿಯ ಕೇಸರಿ ಎಸಳಿನಲ್ಲಿ ಕಾರ್ಥಮಿನ್ ಮತ್ತು ಹೈಡ್ರಾಕ್ಸಿಸ್ಯಾಫ್ಲರ್ ಹಳದಿ ಎಂಬ ಫ್ಲೇವನಾಯ್ಡ್‌ಗಳಿವೆ. ಚೀನಾದಲ್ಲಿ ಈ ಹಳದಿಯ ಚುಚ್ಚುಮದ್ದನ್ನು ಎದೆನೋವಿಗೆ ಕೊಡುತ್ತಾರೆ. ಇಲ್ಲಿ ಎಸಳು ಹೊಲದಲ್ಲೇ ಒಣಗಿ ಉದುರುತ್ತದೆ, ಗಾಣಕ್ಕೆ ಹೋಗುವುದು ಕಾಳು. ಕುಸುಬಿ ಎಣ್ಣೆಯ ಹೆಸರುವಾಸಿ ಗುಣಕ್ಕೆ ಕಾರಣ ಲಿನೋಲಿಕ್ ಆಮ್ಲ, ಅದಕ್ಕೂ ಫ್ಲೇವನಾಯ್ಡ್‌ಗೂ ಸಂಬಂಧವಿಲ್ಲ. ದ್ರಾಕ್ಷಿಯ ಫ್ಲೇವನಾಯ್ಡ್ ಇರುವುದು ಬೀಜದಲ್ಲಿ ಮತ್ತು ಕಪ್ಪು ಸಿಪ್ಪೆಯಲ್ಲಿ. ಜಿಲ್ಲೆಯ ತೋಟಗಳಲ್ಲಿ ಒಣದ್ರಾಕ್ಷಿಗೆಂದು ಬೆಳೆಯುವ ಥಾಮ್ಸನ್ ತಳಿಗೆ ಬೀಜವೂ ಇಲ್ಲ, ಕಪ್ಪೂ ಇಲ್ಲ. ಬಿಳಿಜೋಳದ ಮಾಲ್ದಂಡಿ ತಳಿ ರೊಟ್ಟಿಗೆ ಒಪ್ಪುವುದೇ ಅದರ ಕಾಳಿಗೆ ಬಣ್ಣ, ಒಗರು ಇಲ್ಲದಿರುವುದರಿಂದ, ಅಂದರೆ ಈ ಸಂಯುಕ್ತಗಳು ಕಡಿಮೆ ಇರುವುದರಿಂದ. ತೊಗರಿಯ ಹೊಟ್ಟು ಬೇಳೆ ಗಿರಣಿಯಿಂದ ದನದ ಗೋದಲಿಗೆ ಹೋಗುತ್ತದೆ. ಮನುಷ್ಯ ಸಾವಿರಾರು ವರ್ಷ ತಳಿ ಆರಿಸಿದ್ದು ಕಹಿ, ಒಗರುಗಳನ್ನು ಕಳೆಯುವುದಕ್ಕೇ ತಾನೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಹಿಂದಿನವರು ಇದೇ ರೊಟ್ಟಿ, ಇದೇ ಉಳ್ಳಾಗಡ್ಡಿ ತಿಂದು ಗಟ್ಟಿಮುಟ್ಟಾಗಿದ್ದರಲ್ಲ, ಅದಕ್ಕೇನು ಕಾರಣ? ಹಿಂದಿನವರ ಬಿಪಿ ಅಳೆದವರಿಲ್ಲ, ನಲವತ್ತು ದಾಟುವ ಮೊದಲೇ ಬೇರೆ ರೋಗಗಳಿಗೆ ತುತ್ತಾದವರ ಲೆಕ್ಕವೂ ಈ ಮಾತಿನಲ್ಲಿ ಬರುವುದಿಲ್ಲ. ಆದರೂ ಆ ಊಟಕ್ಕೆ ಅನುಕೂಲಕರವಾದ ಗುಣಗಳಿದ್ದವು, ಅವು ಫ್ಲೇವನಾಯ್ಡ್‌ಗಿಂತ ದೊಡ್ಡವು. ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವ ರೂಢಿ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಉಪ್ಪು ದೇಹ ಸೇರುವ ದೊಡ್ಡ ದಾರಿಗಳಲ್ಲಿ ಬ್ರೆಡ್ ಒಂದು. ಬೇಳೆ, ಸೊಪ್ಪು, ಕಾಳುಗಳಿಂದ ಪೊಟ್ಯಾಸಿಯಂ ಮತ್ತು ನಾರು ಧಾರಾಳ ಸಿಗುತ್ತಿತ್ತು. ಹಣ್ಣು, ತರಕಾರಿ, ಕಾಳು, ಕೆನೆ ತೆಗೆದ ಹಾಲಿನ ಊಟವನ್ನು 459 ಮಂದಿಗೆ ಉಣಿಸಿ ನೋಡಿದ 1997ರ ಡ್ಯಾಶ್ ಪ್ರಯೋಗದಲ್ಲಿ ಮೇಲಿನ ಒತ್ತಡ ಸರಾಸರಿ 5.5 ಮಿ.ಮೀ., ಮೊದಲೇ ಬಿಪಿ ಇದ್ದವರಲ್ಲಿ 11.4 ಮಿ.ಮೀ. ಇಳಿಯಿತು, ಯಾವ ಒಂಟಿ ಫ್ಲೇವನಾಯ್ಡ್ ಕೂಡ ಇದರ ಹತ್ತಿರ ಬಂದಿಲ್ಲ. ಉಪ್ಪಿನ ವಿಷಯದಲ್ಲಿ ಚೀನಾದ 600 ಹಳ್ಳಿಗಳ ಪ್ರಯೋಗ ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರದ್ದು. ಅಡುಗೆ ಉಪ್ಪಿನ ಕಾಲು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ವರದಿಯಾಯಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಉಪ್ಪು ಅಪಾಯಕಾರಿ.

ಗುಳಿಗೆ ನುಂಗುವವರಿಗೆ ಸಂಬಂಧಿಸಿದ ಒಂದು ಸಂಗತಿ ಉಳಿಯಿತು. ಫೆಲೊಡಿಪಿನ್ ಎಂಬ ಬಿಪಿ ಗುಳಿಗೆಯನ್ನು ಗ್ರೇಪ್‌ಫ್ರೂಟ್ ಹಣ್ಣಿನ ರಸದೊಂದಿಗೆ ತೆಗೆದುಕೊಂಡರೆ ಅದರ ಮಟ್ಟ ರಕ್ತದಲ್ಲಿ ಹಲವು ಪಟ್ಟು ಏರುತ್ತದೆ ಎಂದು ಕೆನಡಾದ ಡೇವಿಡ್ ಬೇಲಿ 1989ರ ಹೊತ್ತಿಗೆ ಆಕಸ್ಮಿಕವಾಗಿ ಕಂಡರು. ಮೊದಲು ಸಂಶಯ ಬಿದ್ದದ್ದು ನರಿಂಜಿನ್ ಎಂಬ ಫ್ಲೇವನಾಯ್ಡ್ ಮೇಲೆ. ಮುಂದೆ ಅಪರಾಧಿ ಅದಲ್ಲ, ಫ್ಯೂರನೋಕೌಮರಿನ್ ಎಂಬ ಬೇರೆಯೇ ಗುಂಪಿನ ವಸ್ತುಗಳು ಎಂದು ಗೊತ್ತಾಯಿತು. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಅವು ಕೆಡಿಸುತ್ತವೆ. ಗ್ರೇಪ್‌ಫ್ರೂಟ್ ಈ ಕಡೆ ಅಪರೂಪ. ಆದರೆ ಅದರ ಹತ್ತಿರದ ಬಂಧು ಚಕ್ಕೋತದಲ್ಲೂ ಇವು ಇವೆ. ಬಿಪಿಗೋ ಕೊಲೆಸ್ಟರಾಲ್‌ಗೋ ಗುಳಿಗೆ ತೆಗೆದುಕೊಳ್ಳುವವರು ಚಕ್ಕೋತವನ್ನು ತಿನ್ನುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ಲಿಂಬೆಯ ಸಿಪ್ಪೆಯೆಣ್ಣೆಯಲ್ಲೂ ಈ ವಸ್ತುಗಳಿರುವುದರಿಂದಲೇ ಬಿಸಿಲಲ್ಲಿ ರಾಶಿಗಟ್ಟಲೆ ಲಿಂಬೆ ಹಿಂಡುವವರ ಕೈ ಕೆಲವೊಮ್ಮೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಸಾರಿಗೆ ಹಿಂಡುವ ನಾಲ್ಕು ಹನಿಯಿಂದ ಗುಳಿಗೆಯ ಕೆಲಸಕ್ಕೆ ಅಡ್ಡಿಯಿಲ್ಲ; ಸಾರಿನ ಹುಳಿ ಅಷ್ಟರಿಂದಲೇ ಸರಿಹೋದರೆ ಉಪ್ಪನ್ನು ಒಂದು ಚಿಟಿಕೆ ಕಡಿಮೆ ಹಾಕಬಹುದು.